ಪದಚರ್ಚೆ: ವೇಲ್ಸಿನ ‘ಮಾಟ್ ಅಂಡ್ ಬೈಲಿ’ ಕೋಟೆಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ಒಂದು ಪದ ತುರ್ತಾಗಿ ಬೇಕು. ವೇಲ್ಸಿನ ಹಳೇ ಕೋಟೆಗಳ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮಣ್ಣು ಪೇರಿಸಿ ಮಾಡಿದ ದಿಬ್ಬ, ಅದರ ನೆತ್ತಿಯಲ್ಲಿ ಮರದ ಗೋಪುರ, ಕೆಳಗೆ ಮರದ ಗೋಡೆ ಸುತ್ತಿದ ಅಂಗಳ, ಹೊರಗೆ ಅಗಳು, ಅಂದರೆ ಕಂದಕ. ಇದು ‘ಮಾಟ್ ಅಂಡ್ ಬೈಲಿ’: ದಿಬ್ಬ ಮಾಟ್, ಅಂಗಳ ಬೈಲಿ. ಅಲ್ಲಿನ ಮಾಂಟ್‌ಗಾಮರಿ ಊರಿನ ಹತ್ತಿರದ ಹೆನ್ ದೋಮೆನ್‌ನಲ್ಲಿ ಈಗ ಕಾಣುವುದು ಹುಲ್ಲು ಬೆಳೆದ ದಿಬ್ಬ, ಅಗಳು ಅಷ್ಟೇ. ‘ಮಣ್ಣುಕೋಟೆ’ ಅಂದರೆ ಸಾಕಾ? ಬೈಲಿಗೆ ನಮ್ಮ ‘ಬೇಲಿ’ಯೇ ಇದೆ, ಮೂಲ ಒಂದೇ ಅಲ್ವಾ?

ಉತ್ತರ 1:
ಅಲ್ಲ. ಬೈಲಿ ಫ್ರೆಂಚಿನಿಂದ ಬಂದದ್ದು. ನಮ್ಮ ಬೇಲಿ ತಮಿಳಿನ ವೇಲಿಯ ಒಡಹುಟ್ಟು, ವಕಾರ ಬಕಾರವಾಗಿದೆ. ಸದ್ದು ಹೋಲುತ್ತದೆ ಅಂತ ಸುಮ್ನೆ ನಂಟು ಕಟ್ಟುವುದು ಇಲ್ಲಿ ಜಾಸ್ತಿಯಾಗಿದೆ.

ಮಣ್ಣುಕೋಟೆಯೂ ಬೇಡ. ಅದನ್ನು ಓದಿದವರಿಗೆ ಕೆಂಪೇಗೌಡರ ಬೆಂಗಳೂರಿನ ಮಣ್ಣಿನ ಗೋಡೆ ನೆನಪಾಗುತ್ತದೆ. ಇಲ್ಲಿ ಗೋಡೆ ಮರದ್ದು, ಮಣ್ಣು ಎತ್ತರಕ್ಕೆ. ಅಗಳು ತೋಡುವಾಗ ಬಂದ ಮಣ್ಣನ್ನೇ ಪಕ್ಕದಲ್ಲಿ ಪೇರಿಸಿದರೆ ದಿಬ್ಬ ಏಳುತ್ತದೆ. ಇಂಗ್ಲಿಷಿನಲ್ಲಿ ದಿಬ್ಬಕ್ಕೆ ಮಾಟ್, ಅಗಳಿಗೆ ಮೋಟ್, ಎರಡಕ್ಕೂ ಫ್ರೆಂಚಿನ ಒಂದೇ ಪದ ಮೂಲ.

‘ದಿಬ್ಬಗೋಟೆ’ ಅನ್ನಿ. ಬೈಲಿಗೆ ‘ಕೋಟೆಯಂಗಳ’. ವೆಲ್ಶ್ ಜನ ಏನು ಮಾಡಿದ್ದಾರೆ ನೋಡಿ. ಅವರು ಇದನ್ನು ತೋಮೆನ್ ಅನ್ನುತ್ತಾರೆ, ಗುಡ್ಡೆ ಅಂತ ಅರ್ಥ, ತಿಪ್ಪೆಗೂ ಅದೇ ಮಾತು. ಹೆನ್ ದೋಮೆನ್ ಅಂದರೆ ಹಳೇ ದಿಬ್ಬ. ಹಿಂದೆ ‘ಹೆನ್’ ಬಂದದ್ದಕ್ಕೆ ತಕಾರ ದಕಾರವಾಗಿದೆ, ನಮ್ಮ ಆದೇಶ ಸಂಧಿಯ ಹಾಗೆ ಅವರಲ್ಲೂ ಕತಪಗಳು ಗದಬಗಳಾಗುತ್ತವೆ!

ಇನ್ನೊಂದು, ‘ನಾರ್ಮನ್ ಕೋಟೆ’ ಅಂತ ಮಾತ್ರ ಹಾಕಬೇಡಿ. ಇದನ್ನು ತಂದವರು ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು, ನಿಜ. ಆದರೆ 1149ರಲ್ಲಿ ತೋಮೆನ್ ಅ ರೊಡ್ವಿದ್ ಎಂಬ ಇಂಥದೇ ಕೋಟೆ ಕಟ್ಟಿಸಿದ್ದು ಓವೈನ್ ಗ್ವಿನೆದ್, ವೆಲ್ಶ್ ದೊರೆ.

ಉತ್ತರ 2:
ಮನುಸ್ಮೃತಿಯಲ್ಲೇ ‘ಮಹೀದುರ್ಗ’, ಅಂದರೆ ಮಣ್ಣಿನ ಕೋಟೆ, ಇರುವಾಗ ಹೊಸದಾಗಿ ಕಟ್ಟುವುದು ಯಾಕೆ? ಅದೂ ಬೇಡವಾದರೆ ಮಾಟ್ ಅಂತಲೇ ಇಟ್ಟುಕೊಳ್ಳಿ. ಬಸ್ಸು, ಬ್ಯಾಂಕು ಬಂದು ಕನ್ನಡ ಏನೂ ಸೊರಗಲಿಲ್ಲ. ಅಚ್ಚಗನ್ನಡದ ಹಟ ನಿಮಗೇ ಇರಲಿ.

ಉತ್ತರ 1:
ಹಟ ಅಲ್ಲ ಸ್ವಾಮಿ. ಮಹೀದುರ್ಗದಲ್ಲಿ ದಿಬ್ಬ ಎಲ್ಲಿದೆ, ತೋರಿಸಿ. ಮಾಟ್‌ಗೆ ಕನ್ನಡದ ವಿಭಕ್ತಿ ಹಚ್ಚಿ ನೋಡಿ, ‘ಮಾಟಿನ ಮೇಲೆ’ ಅಂತಾಗುತ್ತದೆ, ಓದಿದವರು ಯಾರೋ ಮಾಟ ಮಾಡಿಸಿದ್ದಾರೆ ಅಂದುಕೊಳ್ಳುತ್ತಾರೆ. ಬಸ್ಸು ನಮ್ಮಲ್ಲಿ ಇರಲಿಲ್ಲ, ಹೆಸರಿನ ಜೊತೆಗೇ ಬಂತು. ದಿಬ್ಬ, ಅಗಳು, ಕೋಟೆ ಮೂರೂ ಇದ್ದವು. ಎರವಲು ಪದಗಳ ಜಗಳ ಬೇರೆ ಚರ್ಚೆಯಲ್ಲಿ ಆಡೋಣ, ಪ್ರಶ್ನೆ ಕೇಳಿದವರಿಗೆ ಬೆಳಿಗ್ಗೆ ಅಚ್ಚಿದೆ. ಶೀರ್ಷಿಕೆಗೆ ದಿಬ್ಬಗೋಟೆ ಹಾಕಿ, ಒಳಗೆ ಮೊದಲ ಸಲ ಬಂದಾಗ ‘ಮಾಟ್ ಅಂಡ್ ಬೈಲಿ ಎಂಬ ದಿಬ್ಬಗೋಟೆ’ ಅಂತ ಬರೆಯಿರಿ. ಉಳಿಕೆಗಳಿಗೆ ‘ಹಾಳುಬಿದ್ದ ದಿಬ್ಬ ಮತ್ತು ಅಗಳು’ ಸಾಕು.