1642ರ ಮೊದಲಿನ ಇಂಗ್ಲಿಷ್ ನಾಟಕ, 1660ರ ನಂತರದ ನಾಟಕ: ಬದಲಾದದ್ದೇನು?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಬಳ್ಳಾರಿ):
ಎಲಿಜಬೆತ್ ರಾಣಿಯ ಕಾಲದ ನಾಟಕಕ್ಕೂ ಎರಡನೆಯ ಚಾರ್ಲ್ಸನ ಕಾಲದ ನಾಟಕಕ್ಕೂ ಇರುವ ವ್ಯತ್ಯಾಸವನ್ನು ನನ್ನ ಟಿಪ್ಪಣಿಗಳು ‘ಹಾಸ್ಯ ಹೆಚ್ಚಾಯಿತು’ ಎಂದಷ್ಟೇ ಹೇಳಿ ಮುಗಿಸುತ್ತವೆ. ಬಲ್ಲವರು ದಯವಿಟ್ಟು ವಿವರಿಸುವಿರಾ?

ಉತ್ತರ (ನಿವೃತ್ತ ಅಧ್ಯಾಪಕ, ಸಿರುಗುಪ್ಪ):
ತಾಯಿ, ಮೊದಲು ರಂಗಮಂದಿರವನ್ನೇ ನೋಡಬೇಕು. ಶೇಕ್ಸ್‌ಪಿಯರನ ನಾಟಕಗಳು ನಡೆದ ಲಂಡನ್ನಿನ ಗ್ಲೋಬ್‌ನಂಥ ಬಯಲು ರಂಗದಲ್ಲಿ ಒಂದು ಪೆನ್ನಿ ಕೊಟ್ಟು ನಿಂತು ನೋಡುವವರೂ ಗ್ಯಾಲರಿಯ ಸಿರಿವಂತರೂ ಹಗಲು ಬೆಳಕಿನಲ್ಲೇ ಸೇರುತ್ತಿದ್ದರು. ಚಿತ್ರಪರದೆಗಳಿಲ್ಲದ ಕಾರಣ, ನಮ್ಮ ಬಯಲಾಟದಲ್ಲಿ ಭಾಗವತರ ಪದವೇ ಕಾಡನ್ನೂ ಅರಮನೆಯನ್ನೂ ಕಣ್ಮುಂದೆ ತರುವಂತೆ, ಅಲ್ಲಿ ಮಾತೇ ಸ್ಥಳವನ್ನು ಕಟ್ಟಿಕೊಡುತ್ತಿತ್ತು. 1642ರಲ್ಲಿ ಪಾರ್ಲಿಮೆಂಟು ನಾಟಕಗಳನ್ನು ನಿಲ್ಲಿಸಿತು. 1660ರಲ್ಲಿ, ದೇಶ ಬಿಟ್ಟಿದ್ದ ಎರಡನೆಯ ಚಾರ್ಲ್ಸ್ ಅರಸನಾಗಿ ಮರಳಿದಾಗ ಲಂಡನ್ನಿನಲ್ಲಿ ಕಿಲಿಗ್ರೂ, ಡ್ಯಾವೆನಂಟ್ ಎಂಬ ಇಬ್ಬರು ನಾಟಕಕಾರರ ಕಂಪನಿಗಳಿಗೆ ಪರವಾನಗಿ ಸಿಕ್ಕಿತು. ಸೂರಿನ ಕೆಳಗೆ, ಜರುಗುವ ಚಿತ್ರಪರದೆಗಳ ಮುಂದೆ ಆಟ ನಡೆಯತೊಡಗಿತು.

ಉತ್ತರ (ಹವ್ಯಾಸಿ ನಟಿ, ಬಳ್ಳಾರಿ):
ಗುರುಗಳು ಮುಖ್ಯವಾದುದನ್ನೇ ಬಿಟ್ಟರು. ಅದುವರೆಗೆ ಹುಡುಗರು ಆಡುತ್ತಿದ್ದ ಸ್ತ್ರೀಪಾತ್ರಗಳಿಗೆ ಹೆಂಗಸರೇ ಬಂದರು; ನಾಟಕಕಾರರು ಈ ನಟಿಯರನ್ನು ಕಣ್ಣ ಮುಂದಿಟ್ಟುಕೊಂಡೇ ಮಾತಿನಮಲ್ಲಿ ನಾಯಕಿಯರನ್ನು ಬರೆದರು. ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆದ ಬಳ್ಳಾರಿ ರಾಘವರ ಊರಿನವರಿಗೆ ಇದರ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಉತ್ತರ (ನಿವೃತ್ತ ಅಧ್ಯಾಪಕ, ಸಿರುಗುಪ್ಪ):
ಒಪ್ಪಿದೆನಮ್ಮ. ನನ್ನ ಮಾತಿಗೂ ಒಂದು ತಿದ್ದುಪಡಿ ಬೇಕು: ಸೂರಿನ ರಂಗ ಹೊಸದೇನಲ್ಲ, ಶೇಕ್ಸ್‌ಪಿಯರನ ತಂಡವೇ ಬ್ಲ್ಯಾಕ್‌ಫ್ರೈಯರ್ಸ್ ಎಂಬ ಸೂರಿನ ರಂಗಮಂದಿರದಲ್ಲಿ ಆಡಿತ್ತು.