ಚೆಂದದ ಪ್ರವೇಶ ಪತ್ರ ಮಾಡಿಸಿದವರು ಯಾರಾದರೂ ಇದ್ದೀರಾ?

ಹೊಸ ನೌಕರ, ಹುಬ್ಬಳ್ಳಿ:
ನಮ್ಮ ವಿಶ್ವವಿದ್ಯಾಲಯದಲ್ಲಿ ಈ ಸಲ ಸೀಟು ಸಿಕ್ಕ 640 ಮಕ್ಕಳಿಗೆ ಆ ಸುದ್ದಿ ತಿಳಿಸುವ, ನಮ್ಮ ಸೀಮೆಯ ಗುರುತಿರುವ ಪ್ರವೇಶ ಪತ್ರ ಕಳಿಸಬೇಕಂತೆ. ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯ 2018ರಲ್ಲಿ, ಪತ್ರ ಬಿಡಿಸಿದರೆ ಅವರ ಹಳೆಯ ಹೆಬ್ಬಾಗಿಲು ಕಾಗದದಲ್ಲಿ ಎದ್ದು ನಿಲ್ಲುವಂತೆ ಮಾಡಿತ್ತು. ಆ ಚಿತ್ರವನ್ನು ಸಾಹೇಬರು ನೋಡಿಬಿಟ್ಟಿದ್ದಾರೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲನ್ನು ಹಾಗೆಯೇ ಎಬ್ಬಿಸಬೇಕಂತೆ. ತಲಾ 40 ರೂಪಾಯಿ, ಐದು ವಾರ. ಆಗುತ್ತದೆಯೇ?

ಅಚ್ಚಿನಮನೆ:
ಎರಡು ವರ್ಷದ ಹಿಂದೆ ಒಂದು ಸಂಸ್ಥೆಗೆ ಗೋಪುರ ಎದ್ದು ನಿಲ್ಲುವ 800 ಪತ್ರ ಮಾಡಿಕೊಟ್ಟೆ. 300 ಜಿಎಸ್‌ಎಂನ ದಪ್ಪ ಕಾರ್ಡ್. ಆಕಾರ ಕತ್ತರಿಸುವ ಬ್ಲೇಡಿನ ಅಚ್ಚು, ಅಂದರೆ ಡೈಗೆ 4,600 ರೂಪಾಯಿ. ಮೊದಲ ದಿನವೇ ಕಳಸದ ತುದಿಯ ಬ್ಲೇಡ್ ಬಾಗಿತು, ಮತ್ತೆ 1,100. ಗಿರಾಕಿಯ ಅವಸರಕ್ಕೆ ಹಾಳೆಯನ್ನು ಅಡ್ಡ ಕತ್ತರಿಸಿದ್ದೆವು. ಗ್ರೇನ್, ಅಂದರೆ ಕಾಗದದ ನಾರಿನ ದಿಕ್ಕು, ಮಡಿಕೆಗೆ ಅಡ್ಡ ಬಂದು ಮಡಿಕೆಯ ಗುಂಟ ಬಣ್ಣ ಸಿಡಿದು ಬಿಳಿ ಗೆರೆ ಬಿತ್ತು. 260 ಹಾಳೆ ರದ್ದಿಗೆ ಹೋದವು. ಅಂಟಿಸುವ ಕೂಲಿ ಒಂದಕ್ಕೆ ಎರಡೂವರೆ ರೂಪಾಯಿ. ಜೂನ್ ಮಳೆಯಲ್ಲಿ ಗೋಂದು ಒಣಗದೆ ಗೋಪುರಗಳೆಲ್ಲ ಕುಡಿದವರ ಹಾಗೆ ವಾಲಿದವು. ಫ್ಯಾನ್ ಕೆಳಗೆ ಹರಡಿ ರಾತ್ರಿಯಿಡೀ ಕಾದೆ. ಲೆಕ್ಕ ಹಾಕಿದರೆ ಒಂದಕ್ಕೆ 47 ರೂಪಾಯಿ ಬಿತ್ತು, ನನಗೆ ಸಿಕ್ಕಿದ್ದು 38. ಆದರೂ ಅಂಥ ಕೆಲಸ ಈ ಊರಲ್ಲಿ ಇನ್ನೊಬ್ಬರು ಮಾಡಿ ತೋರಿಸಲಿ.

ಎಳೆಎಣಿಕೆ, ಧಾರವಾಡ:
ಕಾಗದದ ಗೋಪುರ ಯಾಕೆ? ಕಸೂತಿಯಲ್ಲಿ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಎಲ್ಲ ಇವೆ. ನಾವು ಆರು ಹೆಣ್ಣುಮಕ್ಕಳು ಸೇರಿ 210 ಪತ್ರಗಳಿಗೆ ಅಂಗೈಯಗಲದ ಖಾದಿ ತುಂಡಿನ ಮೇಲೆ ತುಳಸಿಕಟ್ಟೆ ಹಾಕಿಕೊಟ್ಟೆವು. ಗೆರೆ ಎಳೆದುಕೊಳ್ಳದೆ ಎಳೆ ಎಣಿಸಿಯೇ ಹಾಕಿದ್ದು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಎರಡೂ ಹೊಲಿಗೆಗಳಲ್ಲಿ ಮುಂದೆ ಕಂಡಿದ್ದೇ ಹಿಂದೆ ಕಾಣಬೇಕು. ಒಂದು ಎಳೆ ತಪ್ಪಿದರೆ ನಾಲ್ಕನೆಯ ಮೂಲೆಗೆ ಬಂದಾಗ ಕಟ್ಟೆ ಕೂಡುವುದಿಲ್ಲ, ಅಷ್ಟೂ ಬಿಚ್ಚಬೇಕು. ಒಬ್ಬರಿಗೆ ದಿನಕ್ಕೆ ಮೂರು ಮುಗಿದರೆ ಹೆಚ್ಚು. ಒಂದಕ್ಕೆ 60 ರೂಪಾಯಿ ಕೊಟ್ಟರು, ಅದೂ ದೀಪಾವಳಿ ದಾಟಿದ ಮೇಲೆ. ಅದೂ ಹೋಗಲಿ, ಕಚೇರಿಯವರು ತುಂಡುಗಳನ್ನು ಫೆವಿಕಾಲ್ ಬಳಿದು ಕಾರ್ಡಿಗೆ ಅಂಟಿಸಿಬಿಟ್ಟಿದ್ದರು! ಹಿಂಬದಿ ಪೂರ್ತಿ ಮುಚ್ಚಿಹೋಗಿತ್ತು.

ಅಚ್ಚಿನಮನೆ:
ಪ್ರವೇಶ ಪತ್ರವನ್ನು ತಿರುಗಿಸಿ ನೋಡುವವರು ಯಾರು ಅಕ್ಕನವರೇ?

ಎಳೆಎಣಿಕೆ:
ವಾಲಿದ ಗೋಪುರ ನೋಡುವವರೇ ನೋಡುತ್ತಾರೆ ಅಣ್ಣನವರೇ.

ಏಲಕ್ಕಿಪೇಟೆ, ಹಾವೇರಿ:
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ನಮ್ಮೂರ ಏಲಕ್ಕಿ ಮಾಲೆಯ ಹೆಸರು ಎಲ್ಲರಿಗೂ ಗೊತ್ತು. ನಾಲ್ಕು ಏಲಕ್ಕಿ ಪೋಣಿಸಿದ ಚಿಕ್ಕ ಕುಚ್ಚನ್ನು ಪ್ರತಿ ಲಕೋಟೆಯಲ್ಲಿ ಇಡೋಣ ಎಂದು ಹೇಳಿದ್ದು ನಾನೇ, ಬೈಸಿಕೊಂಡದ್ದೂ ನಾನೇ. ದಪ್ಪ ಕಾರ್ಡು, ಕುಚ್ಚು ಸೇರಿ ಲಕೋಟೆ 50 ಗ್ರಾಂ ದಾಟಿತು, ಸ್ಪೀಡ್ ಪೋಸ್ಟ್‌ನಲ್ಲಿ ಮುಂದಿನ ದರ ಬಿತ್ತು. ರಿಜಿಸ್ಟರ್ ಪೋಸ್ಟಿನಲ್ಲಿ ಹಾಕೋಣವೆಂದರೆ 2025ರಲ್ಲಿ ಅದೂ ಸ್ಪೀಡ್ ಪೋಸ್ಟ್‌ನೊಳಗೇ ಸೇರಿದೆ. ಠಸ್ಸೆ ಬಿದ್ದಲ್ಲಿ ಏಲಕ್ಕಿ ಒಡೆದು ಲಕೋಟೆ ತುಂಬ ಕರಿ ಕಾಳು. ‘ಪತ್ರದಲ್ಲಿ ಹುಳ ಬಿದ್ದಿದೆ’ ಎಂದು ಒಬ್ಬ ಪಾಲಕರು ಫೋನ್ ಮಾಡಿದರು.

ಮೂರನೆಯ ಮೇಜು:
ನೀವೆಲ್ಲ ಅಲಂಕಾರ ಮಾಡಿ ಕೈ ತೊಳೆದುಕೊಳ್ಳುತ್ತೀರಿ, ಉಗುಳು ಬೀಳುವುದು ನಮ್ಮಂಥ ಗುಮಾಸ್ತರ ಮೇಲೆ. ನಮ್ಮಲ್ಲಿ ಹೆಸರಿನ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು, ವಿನ್ಯಾಸಕಾರರದು ಯೂನಿಕೋಡ್. ಪರಿವರ್ತನೆ ಮಾಡುವಾಗ ಅರ್ಕಾವೊತ್ತು ಇದ್ದ ಕಡೆಯೆಲ್ಲ ಕೆಟ್ಟಿತು. 37 ಮಕ್ಕಳ ಹೆಸರು ತಪ್ಪಿತ್ತು. ಬಂಗಾರದ ಫಾಯಿಲ್ ಒತ್ತಿದ ಮುದ್ರೆ ಝೆರಾಕ್ಸ್‌ನಲ್ಲಿ ಕರಿ ಮಚ್ಚೆಯಾಗಿ ಬಂದು, ಶಿಕ್ಷಣ ಸಾಲ ಕೊಡುವ ಬ್ಯಾಂಕಿನವರು ‘ಮುದ್ರೆ ಎಲ್ಲಿ?’ ಎಂದರು. ಕೊನೆಗೆ ಎಲ್ಲರಿಗೂ ಬಿಳಿ ಹಾಳೆಯ ಮೇಲೆ ಕೋರ್ಸು, ಅವಧಿ, ಶುಲ್ಕ ಬರೆದು ಇನ್ನೊಂದು ಪತ್ರ ಕೊಟ್ಟೆವು. ಓಡಾಡಿದ್ದು ಆ ಹಾಳೆಯೇ.

ಬಾವಿಕಟ್ಟೆ, ಗದಗ:
ಮೂಲ ವಿಷಯವನ್ನೇ ಎಲ್ಲರೂ ಬಿಟ್ಟಿದ್ದೀರಿ. ಲಕ್ಕುಂಡಿ ಎಂದರೆ ಬರೀ ಬಾಗಿಲಲ್ಲ. ಅಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಓದಲು ಬರುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಗುರುತು ಯಾವುದು? ಓಲೆಗರಿಯ ಅಳತೆಯ ಉದ್ದನೆಯ ಪತ್ರ ಮಾಡಿ, ಒಂದು ತೂತು, ಒಂದು ದಾರ. ನಾನು ಇದನ್ನು ಒಂದು ಸಮಿತಿಯ ಮುಂದೆ ಹೇಳಿದಾಗ ‘ಫೈಲಿನಲ್ಲಿ ಕೂಡುವುದಿಲ್ಲ’ ಎಂದು ನಕ್ಕರು.

ಅಚ್ಚಿನಮನೆ:
ನಕ್ಕಿದ್ದು ಸರಿಯೇ ಇದೆ. ಆ ಅಳತೆಗೆ ಹಾಳೆ ಕತ್ತರಿಸಿದರೆ ಮೂರನೆಯ ಒಂದು ಪಾಲು ಚೂರು.

ಬಾವಿಕಟ್ಟೆ:
260 ಹಾಳೆ ರದ್ದಿಗೆ ಹಾಕಿದವರು ಚೂರಿನ ಲೆಕ್ಕ ಹೇಳುತ್ತಿದ್ದಾರೆ.

ಎಳೆಎಣಿಕೆ:
ದಾರ ಎಂದರೆ ಯಾವ ದಾರ? ನೈಲಾನ್ ಹಾಕಿದರೆ ನಾನು ಸುಮ್ಮನಿರುವುದಿಲ್ಲ.

ಹೊಸ ನೌಕರ:
ಹಿರಿಯರೇ, 40 ರೂಪಾಯಿಯಲ್ಲಿ ಆಗುತ್ತದೆಯೋ ಇಲ್ಲವೋ, ಅಷ್ಟು ಹೇಳಿ.

ಎರಡನೆಯ ಸೆಮಿಸ್ಟರ್:
ಗೋಪುರ ಎದ್ದು ನಿಲ್ಲುವ ಪತ್ರ ನನಗೂ ಬಂದಿತ್ತು. ಅವ್ವ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ದೇವರ ಮುಂದಿಟ್ಟಳು. ಹಾಳಾಗಬಾರದೆಂದು ಅಪ್ಪ ಮರುದಿನ ಪೇಟೆಗೆ ಒಯ್ದು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದರು. ಗೋಪುರ ಈಗ ಒಳಗೆ ಅಡ್ಡ ಮಲಗಿದೆ.

ಅಚ್ಚಿನಮನೆ:
ಕಳಸ ಎಡಕ್ಕೆ ವಾಲಿತ್ತೇ, ಬಲಕ್ಕೇ? ಎಡಕ್ಕಾದರೆ ಅದು ನನ್ನದು.