ಐನೂರು ಐನೂರಾಗಿ ಇಳಿದ ಯೆಜ್ಡಿ

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ, ಎರಡನೆಯ ಸುತ್ತನ್ನು ಮುಂದಿನ ವಾರಕ್ಕೆ ಮುಂದೂಡಿ, ಸರಸ್ವತಿಪುರಂನ ಹೋಟೆಲಿನಲ್ಲಿ ಕೂರುವುದು ನಮ್ಮ ನಾಲ್ವರ ವ್ಯಾಯಾಮ. ಮೊನ್ನೆ ದೋಸೆ ಇನ್ನೂ ಕಾವಲಿಯ ಮೇಲಿತ್ತು. ರಸ್ತೆಯಿಂದ ಡುಗುಡುಗು ಸದ್ದು ಬಂತು. ಆಡುತ್ತಿದ್ದ ಮಾತು ನನ್ನ ಬಾಯಲ್ಲೇ ನಿಂತಿತು.

"ಹೋಯಿತು. ಇವನ ಯೆಜ್ಡಿಯ ತಿಥಿ ಶುರುವಾಯಿತು" ಎಂದ ಸೀನ.

ಶುರುವಾಗದೆ ಏನು? ಇದೇ ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಮೋಟಾರ್ ಬೈಕು ಅದು. 1961ರಲ್ಲಿ ಅಲ್ಲಿ ಜಾವಾ ತಯಾರಾಗತೊಡಗಿತು, ಆಮೇಲೆ ಅದೇ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಬಿಡಿಭಾಗ ಸಿಗುವುದಿಲ್ಲ ಎಂದು ಎಲ್ಲರೂ ಹೆದರಿಸಿದರು. ನಾನೂ ಹೆದರಿ ಮಾರಿದೆ. 'ಶಾಶ್ವತ ಬೈಕು, ಶಾಶ್ವತ ಮೌಲ್ಯ' ಎಂಬರ್ಥದ ಜಾಹೀರಾತು ಅದಕ್ಕಿತ್ತು. ಜಾಹೀರಾತು ಸುಳ್ಳಲ್ಲ. ಆ ಮೌಲ್ಯ ಕೊಂಡವನ ಪಾಲಿಗೆ ಶಾಶ್ವತವಾಯಿತು, ಅಷ್ಟೆ.

"ಎಷ್ಟಕ್ಕೆ ಮಾರಿದೆ?" ಎಂದ ನಂಜುಂಡ, ಗೊತ್ತಿದ್ದೂ.

"ಮೂರೂವರೆ ಸಾವಿರ."

"ಹೋದ ದಸರಾದಲ್ಲಿ ನಾಲ್ಕು ಸಾವಿರ ಎಂದಿದ್ದೆ. ಅದರ ಹಿಂದಿನ ಯುಗಾದಿಗೆ ನಾಲ್ಕೂವರೆ. ಹೀಗೇ ಇಳಿಸುತ್ತಾ ಹೋದರೆ ಇನ್ನು ನಾಲ್ಕೈದು ವರ್ಷಕ್ಕೆ ನೀನೇ ಕೈಯಿಂದ ದುಡ್ಡು ಕೊಟ್ಟು ಕಳಿಸಿದ ಲೆಕ್ಕವಾಗುತ್ತದೆ."

ಆ ಗಾಡಿಯ ಸೊಗಸು ಇವರಿಗೇನು ಗೊತ್ತು! ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಸನ್ನೆಕೋಲಿನಲ್ಲಿ. ಮೇಲೆತ್ತಿದರೆ ಕಿಕ್ಕರ್, ಇಳಿಸಿದರೆ ಗೇರು. ಹೊಸಬರು ಕಿಕ್ ಹೊಡೆದು ಅದನ್ನು ಹಾಗೇ ನಿಲ್ಲಿಸಿಕೊಂಡು, ಗೇರು ಎಲ್ಲಿ ಎಂದು ಕಾಲಿನಲ್ಲಿ ಗಾಳಿ ತಡವುತ್ತಿದ್ದರು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಎಣ್ಣೆ ಸುಟ್ಟ ಕಿಟ್ಟವೆಲ್ಲ ಸೈಲೆನ್ಸರ್ ಒಳಗೆ ಕಟ್ಟಿಕೊಳ್ಳುತ್ತದೆ. ವರ್ಷಕ್ಕೊಂದೆರಡು ಸಲ ಒಳಗಿನ ಕೊಳವೆ ಎಳೆದು ಬೆಂಕಿಯಲ್ಲಿ ಕಾಯಿಸಿ ಕಿಟ್ಟ ಉದುರಿಸಬೇಕು. ನಾನು ಆ ಕೆಲಸವನ್ನು ಬಚ್ಚಲಿನ ಹಂಡೆಯ ಒಲೆಯಲ್ಲಿ ಮಾಡುತ್ತಿದ್ದೆ. ಒಮ್ಮೆ ಹೊಗೆ ಪಕ್ಕದ ಮನೆಯವರು ಒಣಹಾಕಿದ್ದ ಸೀರೆಗಳ ಮೇಲೆ ಕೂತು, ಅವರು ಎರಡು ತಿಂಗಳು ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬರಲಿಲ್ಲ. ಗಾಡಿ ಮಾರಿದ ದಿನ ಅವರೇ ಮೊದಲು ಬಂದರು, ಮೈಸೂರ್ ಪಾಕ್ ಸಮೇತ.

ಅದು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮಗ ಕೊಡಿಸಿದ ವ್ಯಾಯಾಮದ ಸೈಕಲ್ ಇದೆ. ಅದರ ಮೇಲೆ ಟವೆಲ್ ಒಣಗುತ್ತದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಸವಾರರು ಸೇರುವುದುಂಟು. ಅಲ್ಲಿಗೆ ಹೋಗಿ, ದಸರಾ ವಸ್ತುಪ್ರದರ್ಶನದಲ್ಲಿ ಮಗು ಕಳೆದುಕೊಂಡವನಂತೆ ಒಂದೊಂದೇ ನಂಬರ್ ಪ್ಲೇಟು ನೋಡುತ್ತೇನೆ.

"ನಿನ್ನದಾದರೂ ಎಲ್ಲೋ ಓಡುತ್ತಿರಬಹುದು. ನನ್ನ ಪೆಂಟಾಕ್ಸ್ ಕೆ1000 ಎಲ್ಲಿದೆಯೋ" ಎಂದು ಸೀನ ಕಾಫಿ ಲೋಟ ಕೆಳಗಿಟ್ಟ. ಬ್ಯಾಟರಿ ಸತ್ತರೂ ಫೋಟೊ ತೆಗೆಯುವ ಕ್ಯಾಮೆರಾ ಅದು. ಬ್ಯಾಟರಿ ಬೇಕಾದದ್ದು ಬೆಳಕು ಅಳೆಯುವುದಕ್ಕೆ ಮಾತ್ರ. ಅರಮನೆಯ ದೀಪ ಹತ್ತುವ ಹೊತ್ತಿಗೆ ಸೀನ ಮುಕ್ಕಾಲಿ ನೆಟ್ಟು, ಶಟರ್ ತೆರೆದಿಟ್ಟು, "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದ. ಎಣಿಕೆಯ ನಡುವೆ ಕಡಲೆಕಾಯಿಯವನು ಬಂದು ಬೆಲೆ ಹೇಳಿದರೆ ಲೆಕ್ಕ ತಪ್ಪುತ್ತಿತ್ತು. ಸುರುಳಿಯಲ್ಲಿ 36 ಚಿತ್ರ. ಅದರಲ್ಲಿ ಅರಮನೆ ನಾಲ್ಕು, ಉಳಿದದ್ದು ಬೆಳಕಿನ ಗಂಜಿ.

ಡಿಜಿಟಲ್ ಬಂದಾಗ ಅದನ್ನು ಸಾವಿರದ ಐನೂರಕ್ಕೆ ಕೊಟ್ಟ, ಮಸೂರವೊಂದನ್ನು ಕೊಸರಾಗಿ ಸೇರಿಸಿ. ಆ ಡಿಜಿಟಲ್ ಕ್ಯಾಮೆರಾ ಈಗ ಬೀರುವಿನಲ್ಲಿ ಕಣ್ಣು ಬಿಡದೆ ಮಲಗಿದೆ. "ಮೊನ್ನೆ ಅರಮನೆಯ ಮುಂದೆ ಕಾಲೇಜಿನ ಹುಡುಗಿಯೊಬ್ಬಳ ಕೊರಳಲ್ಲಿ ಥೇಟ್ ಅಂಥದ್ದೇ ನೋಡಿದೆ. 'ಸರ್, ಇದು ಫಿಲಂ ಕ್ಯಾಮೆರಾ, ಇದರಲ್ಲಿ ಕೂಡಲೇ ಚಿತ್ರ ಕಾಣುವುದಿಲ್ಲ' ಎಂದು ನನಗೇ ವಿವರಿಸಿದಳು ಕಣೋ!"

ನಂಜುಂಡ ನಗಲಿಲ್ಲ. ಅವನ ಕಥೆ ಇನ್ನೂ ಕೆಟ್ಟದ್ದು. ಮನೆ ಬದಲಾಯಿಸುವಾಗ ತಂದೆಯ ಕಾಲದ ಗ್ರಾಮಫೋನ್ ರೆಕಾರ್ಡುಗಳನ್ನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದ್ದ. ಅರಗಿನ ತಟ್ಟೆಗಳು, ಬಿದ್ದರೆ ಚೂರು, ಒಂದು ಮಗ್ಗುಲಿಗೆ ಮೂರು ನಿಮಿಷದ ಸಂಗೀತ. ಕೆಲವು ತಿಂಗಳ ಹಿಂದೆ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಚೌಡಯ್ಯನವರ ಪಿಟೀಲಿನ ರೆಕಾರ್ಡು ಕಣ್ಣಿಗೆ ಬಿತ್ತು. ಏಳು ತಂತಿಯ ಪಿಟೀಲಿನ ಚೌಡಯ್ಯ, ನಮ್ಮ ತಿರುಮಕೂಡಲಿನವರು. ಎತ್ತಿ ನೋಡಿದರೆ ಕಾಗದದ ಚೀಲದ ಮೇಲೆ ಮಸಿಯಲ್ಲಿ ತಂದೆಯ ಕೈಬರಹ: 'ನಂಜುಂಡ ಮುಟ್ಟಕೂಡದು.'

"ಅಂಗಡಿಯವನು 'ಯಾರು ಸಾರ್ ಈ ನಂಜುಂಡ?' ಎಂದು ಕೇಳಿದ. 'ಯಾರೋ ತರಲೆ ಹುಡುಗ ಇರಬೇಕು' ಎಂದೆ. ಒಂಬೈನೂರು ರೂಪಾಯಿ ತೆಗೆದುಕೊಂಡ."

"ಕೇಳಿದೆಯಾ?"

"ಯಾವುದರಲ್ಲಿ ಕೇಳಲಿ? ಪ್ಲೇಯರನ್ನೂ ಅದೇ ತಕ್ಕಡಿಗೆ ಹಾಕಿದ್ದೆನಲ್ಲ!"

ನಮ್ಮ ಗುಂಪಿನಲ್ಲಿ ಏನನ್ನೂ ಮಾರದವನು ಶಿವಣ್ಣ ಒಬ್ಬನೇ. ಅವನ ಮನೆಯ ನಡುಮನೆಯಲ್ಲಿ ನಡೆಯಬೇಕಾದರೆ ಅಡ್ಡಡ್ಡ ತಿರುಗಬೇಕು. ಹಳೇ ಕಾಲದ ವಾಲ್ವ್ ರೇಡಿಯೊ ಎರಡು, ಅವಕ್ಕೆ ಆಗ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿದ ಲೈಸೆನ್ಸ್ ಪುಸ್ತಕ, ಸ್ಟಾಂಪಿನ ಆಲ್ಬಮ್ಮುಗಳು ಏಳೋ ಎಂಟೋ. 'ಆಕಾಶವಾಣಿ' ಎಂಬ ಹೆಸರು ಮೊದಲು ಕೇಳಿಬಂದ ಊರು ಇದು, 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಊರು, ಇಲ್ಲಿದ್ದುಕೊಂಡು ರೇಡಿಯೊ ಮಾರುವುದೇ ಎಂಬುದು ಅವನ ವಾದ. ಆದರೆ ಅಂದು ಅವನೂ ನಿಟ್ಟುಸಿರು ಬಿಟ್ಟ.

"ನೀವು ಒಂದು ಸಲ ಮಾರಿ ಭಾನುವಾರ ಮಾತ್ರ ಅಳುತ್ತೀರಿ. ನಾನು ದಿನಾ ಧೂಳು ಒರೆಸುತ್ತೇನೆ. ಒಂದು ರೇಡಿಯೊ ಬಾಯಿ ಬಿಟ್ಟು ಹನ್ನೊಂದು ವರ್ಷವಾಯಿತು. ನನ್ನಾಕೆ, 'ಅದನ್ನು ಇಟ್ಟುಕೊಳ್ಳಿ, ಬೇಕಾದರೆ ನನ್ನನ್ನು ತೂಕಕ್ಕೆ ಹಾಕಿ' ಎನ್ನುತ್ತಾಳೆ."

"ಹಾಗಾದರೆ ಬಾಯಿ ಬಿಡದ ರೇಡಿಯೊ ನನಗೆ ಕೊಡು. ಎರಡು ಸಾವಿರ, ಈಗಲೇ" ಎಂದೆ.

ಶಿವಣ್ಣ ನನ್ನನ್ನು ಮಕ್ಕಳ ಕಳ್ಳನನ್ನು ನೋಡುವಂತೆ ನೋಡಿ, ಚಟ್ನಿ ಕೇಳಲು ಎದ್ದು ಹೋದ.

ಹೊರಗೆ ಬಂದಾಗ ಆ ಡುಗುಡುಗು ಗಾಡಿ ಹೋಟೆಲಿನ ಎದುರೇ ನಿಂತಿತ್ತು. ಹುಡುಗ ಬೆವರಿಳಿಸಿಕೊಂಡು ಕಿಕ್ ಹೊಡೆಯುತ್ತಿದ್ದ. ನಂಬರ್ ಪ್ಲೇಟು ನೋಡಿದೆ. ನನ್ನದಲ್ಲ. ಆದರೂ ಪೆಟ್ರೋಲ್ ವಾಸನೆ ಗಪ್ಪೆಂದು ಮೂಗಿಗೆ ಬಡಿದಾಗ ಕಾಲು ತಾನಾಗಿ ಮುಂದೆ ಹೋಯಿತು.

"ಕುಡಿದದ್ದು ಹೆಚ್ಚಾಗಿದೆ ಅದಕ್ಕೆ" ಎಂದು ಹೇಳಿ ಪೆಟ್ರೋಲ್ ಕಾಕ್ ಮುಚ್ಚಿಸಿದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಒದ್ದೆ. ಮೂರನೆಯ ಒದೆತಕ್ಕೆ ಮಂಡಿ ಲಟಕ್ ಎಂದಿತು, ನಾಲ್ಕನೆಯದಕ್ಕೆ ಗಾಡಿ ಎದ್ದಿತು. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಹೊರಟು ನೇರ ಹೋಟೆಲಿನೊಳಗೆ ನುಗ್ಗಿತು.

"ಅಂಕಲ್, ನಿಮ್ಮ ಹತ್ತಿರವೂ ಇತ್ತಾ? ಎಷ್ಟಕ್ಕೆ ಮಾರಿದಿರಿ?" ಎಂದ ಹುಡುಗ.

"ಮೂರು ಸಾವಿರ" ಎಂದೆ.

ನನ್ನ ಬೆನ್ನ ಹಿಂದೆ ಮೂವರೂ ಒಟ್ಟಿಗೆ ಕೆಮ್ಮಿದರು. ಹೊಗೆಗೆ ಇರಬೇಕು.